ಎಷ್ಟು ಬೆರಳು?

"ಅರ್ಥವಾಯಿತೇ?" ಎಂದರೆ ಸಾಕು
ಎಪ್ಪತ್ತೆರಡು ಗಂಟಲು ಒಂದೇ ಉಸಿರಿಗೆ
"ಆಯಿತು, ಮ್ವಾಲಿಮು!"
ತಗಡಿನ ಚಾವಣಿ ಕೂಡ ಹೂಂಗುಟ್ಟುತ್ತದೆ.
ಹನ್ನೊಂದು ವರ್ಷ ಆ ಸದ್ದನ್ನು ನಂಬಿ
ಸಂಬಳ ಎಣಿಸಿಕೊಂಡವಳು ನಾನು.

ಈ ಸಲ ಋಣಸಂಖ್ಯೆಯ ಪಾಠದಲ್ಲಿ
ಯಾಕೋ ಸಾಕೆನಿಸಿತು.
ಸೊನ್ನೆಯ ಕೆಳಗೂ ಲೆಕ್ಕವಿದೆ ಎಂದಾಗ
ಮೂರನೆಯ ಸಾಲಿನ ನ್ಯಾಂಜಿಗೆ
ಬೆಂಚಿನ ಕೆಳಗೆ ಬಗ್ಗಿ ನೋಡಿದಳು.
ನೋಡಿ, ಎದ್ದು, ಮೂಗು ಒರೆಸಿಕೊಂಡು
ಎಲ್ಲರ ಜೊತೆ "ಆಯಿತು" ಎಂದಳು.

ಕಣ್ಣು ಮುಚ್ಚಿ, ಎಂದೆ.
ಕೈ ಎದೆಗೆ ಒತ್ತಿಕೊಳ್ಳಿ, ಪಕ್ಕದವರಿಗೆ ಕಾಣಬಾರದು.
ಪೂರಾ ತಿಳಿದವರು ಐದು ಬೆರಳು,
ಅರ್ಧಂಬರ್ಧ ಎನ್ನುವವರು ಎರಡೋ ಮೂರೋ,
ಏನೂ ತಲೆಗೆ ಹತ್ತದವರು ಮುಷ್ಟಿ.
ಮುಷ್ಟಿಗೆ ಏಟಿಲ್ಲ, ನನ್ನಾಣೆ.

ಮೊದಲ ದಿನ ಎಲ್ಲರದೂ ಐದು.
ಬೆತ್ತ ಕಿಟಕಿಯ ಮೇಲೆ ಕೂತೇ ಇತ್ತಲ್ಲ!
ಒಯ್ದು ಅಡುಗೆಯ ತೌಸಿಗೆ ಕೊಟ್ಟೆ;
ಅವತ್ತಿನ ಉಗಾಲಿ ಬೆಂದದ್ದು ಅದರ ಉರಿಯಲ್ಲೇ.

ಆಮೇಲೆ, ವಾರಗಳ ಮೇಲೆ,
ಒಂದೊಂದೇ ಬೆರಳು ಮಡಚತೊಡಗಿತು.
ನಾಲ್ಕು. ಮೂರು. ನಡುಗುವ ಎರಡು.
ನ್ಯಾಂಜಿಗೆಯದು ಕಿರುಬೆರಳು, ಅದೂ ಅರ್ಧ ಬಾಗಿದ್ದು.
ಇದನ್ನು ಎಷ್ಟೆಂದು ಬರೆದುಕೊಳ್ಳಲಿ?

ಮಗೇಸಾ ಒಬ್ಬನದು ಮಾತ್ರ ದಿನವೂ ಐದು,
ಹರಡಿ, ಸೆಟೆದು, ಬಲೆ ಬೀಸುವವನ ಹಾಗೆ.
ಹಾಳೆಯ ತುಂಬ ನನ್ನ ಕೆಂಪು ಶಾಯಿ.
ಕರೆದು ಕೇಳಿದರೆ ಕಾಲ ಹೆಬ್ಬೆರಳಲ್ಲಿ ನೆಲ ಕೆರೆದ.
"ಸುಳ್ಳ" ಎಂದು ಹಾಜರಿ ಪುಸ್ತಕದ ಅಂಚಿನಲ್ಲಿ
ಪೆನ್ಸಿಲಿನಲ್ಲಿ ಬರೆದಿಟ್ಟೆ.

ನಾನು ದೊಡೋಮಾ ಕಡೆಯ ಕೆಂಪು ಧೂಳಿನವಳು.
ನಮ್ಮಲ್ಲಿ ನೀರು ಎಂದರೆ ಕೊಡದೊಳಗೆ ಇರುವಂಥದ್ದು.
ಈ ಉಕೆರೆವೆಯಲ್ಲಿ ಬಾಗಿಲು ತೆರೆದರೂ ಅದೇ,
ಹಿತ್ತಲಿಗೆ ಹೋದರೂ ಅದೇ,
ಸಮುದ್ರದ ಸೋಗು ಹಾಕಿದ ಸರೋವರ.
ಈಜು ಬಾರದು ಎಂದು ಯಾರಿಗೂ ಹೇಳಿಲ್ಲ.
ಯಾರೂ ಕೇಳಲೂ ಇಲ್ಲ.

ಶನಿವಾರ ಆಚೆ ನಡುಗಡ್ಡೆಯಲ್ಲಿ ಸಾವು.
ಲಾಂಚು ಕೆಟ್ಟಿತ್ತು. ಇದ್ದದ್ದು ಮಗೇಸಾನ ಮಾವನ ದೋಣಿ,
ಹುಟ್ಟು ಹಾಕುವವನು ಮಗೇಸಾ.
ಒಣಮೀನಿನ ವಾಸನೆಯ ಹಲಗೆಯ ಮೇಲೆ
ಕೊಡೆ ಅವುಚಿ ಕೂತೆ.
ದಡ ಸಣ್ಣದಾಯಿತು. ಗಾಳಿ ಎದ್ದಿತು.
ಹುಡುಗ ಬೆನ್ನು ತಿರುಗಿಸದೆಯೇ ಕೇಳಿದ:
"ಎಷ್ಟು ಬೆರಳು, ಮ್ವಾಲಿಮು?"

ಜೀವವನ್ನು ಒಂದು ಕೈಯಲ್ಲಿ ಹಿಡಿದು,
ದೋಣಿಯ ಅಂಚನ್ನೂ ಅದರಲ್ಲೇ ಹಿಡಿದು,
ಇನ್ನೊಂದನ್ನು ಎತ್ತಿದೆ.
ಐದು.

ಹೊರಳಿ ನೋಡಿದ. ನಗಲಿಲ್ಲ.
ಆ ಐದರೊಳಗೆ ತಾನೇ ಎಷ್ಟೋ ದಿನ
ಬಾಡಿಗೆಗೆ ಇದ್ದವನು.
ಮಾತಿಲ್ಲದೆ ದೋಣಿಯ ಮೂತಿ ತಿರುಗಿಸಿ
ಜೊಂಡಿನ ಪಕ್ಕಕ್ಕೆ ತಂದ,
ಹುಟ್ಟನ್ನು ನೆಟ್ಟಗೆ ಇಳಿಸಿ ತಳ ಮುಟ್ಟಿಸಿ
ಮೇಲೆತ್ತಿ ಒದ್ದೆಯ ಗುರುತು ತೋರಿಸಿದ.
"ಇಷ್ಟೇ. ನಿಮ್ಮ ಸೊಂಟದ ತನಕ.
ಇಲ್ಲಿಂದ ಹೀಗೇ ಹೋಗೋಣ. ಸುತ್ತು, ಆದರೂ."
ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಸೋಮವಾರ ಆ ಹುಟ್ಟನ್ನು ತರಗತಿಗೆ ತರಿಸಿದೆ.
ಅವನೇ ಸೀಮೆಸುಣ್ಣದಲ್ಲಿ ನೀರಿನ ಗೆರೆ ಎಳೆದ:
ಇದು ಸೊನ್ನೆ. ಇದರ ಕೆಳಗೆ ಒಂದು, ಎರಡು, ಮೂರು,
ಮೀನು ಇರುವುದು ಅಲ್ಲೇ.
ನ್ಯಾಂಜಿಗೆ ಈ ಸಲ ಬಗ್ಗಲಿಲ್ಲ.
ಪೆನ್ಸಿಲಿನ ಆ ಪದ ಉಜ್ಜಿದೆ;
ಕಾಗದ ತೆಳ್ಳಗಾಯಿತೇ ಹೊರತು ಗುರುತು ಹೋಗಲಿಲ್ಲ.

ಮತ್ತೆ ಕಣ್ಣು ಮುಚ್ಚಿ, ಎಂದೆ.
ನನ್ನ ಕೈಯನ್ನೂ ಎದೆಗೆ ಒತ್ತಿ
ಮೂರು ಬೆರಳು ಇಟ್ಟೆ:
ಋಣವನ್ನು ಋಣದಿಂದ ಗುಣಿಸಿದರೆ
ಧನ ಹೇಗಾದೀತು ಎಂಬುದು, ನಿಜ ಹೇಳಲೇ,
ನನಗೂ ಬಾಯಿಪಾಠ ಅಷ್ಟೇ.
ಹಿಂದಿನ ಸಾಲಿನಲ್ಲಿ ಒಂದು ಕಣ್ಣು
ಅರೆ ತೆರೆದಿತ್ತು.

ಅವತ್ತು ಮಗೇಸಾ ಎಷ್ಟು ತೋರಿಸಿದ ಎಂದು
ನಾನು ಹೇಳುವುದಿಲ್ಲ.
ಪಕ್ಕದವರಿಗೆ ಕಾಣಬಾರದು
ಎಂದು ತಾನೇ ಮಾತಾಗಿದ್ದು.